ನಿಮ್ಮ ಹಿಮಗ್ರಹದಲ್ಲಿ ಚಳಿ ಏನೂ ಮಾಡುತ್ತಿಲ್ಲ

ನಮಸ್ಕಾರ.

ನೀವು ಕಳಿಸಿದ ‘ನೀಹಾರದ ಏಳು ಬಾಗಿಲು’ ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗಂತ ಕೈಬಿಡಿ ಅಂತ ಹೇಳುತ್ತಿಲ್ಲ. ಉಡುಪಿಯಲ್ಲಿ ಕೂತು ಕನ್ನಡದಲ್ಲಿ ರೋಲ್‌ಪ್ಲೇಯಿಂಗ್ ಆಟಕ್ಕೆ ಸಾಹಸ ಬರೆಯುವವರು ನಮಗೆ ಸಿಗುವುದೇ ಅಪರೂಪ. ನೀವು ಚೆನ್ನಾಗಿ ಬರೆಯಬೇಕು ಅಂತ ನನಗೆ ನಿಜವಾಗಿಯೂ ಆಸೆ ಇದೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ.

ಉಳಿದ ಓದುಗರಿಗಾಗಿ ಒಂದೆರಡು ಮಾತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ‘ಡಂಜನ್ಸ್ ಆಂಡ್ ಡ್ರಾಗನ್ಸ್’ ಬಂದ ಮೇಲೆ ಈ ಬಗೆಯ ಆಟ ಎಲ್ಲ ಕಡೆ ಹಬ್ಬಿತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಆಟ ನಡೆಸುವ ಗೇಮ್ ಮಾಸ್ಟರ್, ಉಳಿದವರಿಗೆ ಒಂದೊಂದು ಪಾತ್ರ. ಎದುರಿಗೆ ಏನಿದೆ ಅಂತ ಮಾಸ್ಟರ್ ಹೇಳುತ್ತಾರೆ. ಏನು ಮಾಡುತ್ತೇವೆ ಅಂತ ಆಟಗಾರರು ಹೇಳುತ್ತಾರೆ. ಅದು ಆಯಿತೋ ಇಲ್ಲವೋ ಅನ್ನೋದು ದಾಳಕ್ಕೆ ಬಿಟ್ಟದ್ದು. ನೀವು ಕಳಿಸಿದ್ದು ಅಂಥ ಆಟ ನಡೆಸುವವರಿಗೆ ಒಂದು ಕೈಪಿಡಿ: ನಲವತ್ತು ವರ್ಷ ಚಳಿಗಾಲವಿರುವ ನೀಹಾರ ಅನ್ನುವ ಗ್ರಹ, ಏಳು ಬಾಗಿಲಿನ ಹಿಮದ ಕೋಟೆ, ಒಳಗೆ ಸೆರೆಯಾದ ರಾಣಿ, ಅವಳನ್ನು ಬಿಡಿಸಲು ಹೊರಟ ನಾಲ್ವರು.

ಮೂರನೇ ಬಾಗಿಲಿನ ಹತ್ತಿರ ಹೀಗೆ ಬರೆದಿದ್ದೀರಿ: “ಮೈ ಕೊರೆಯುವ ಚಳಿಯಲ್ಲಿ ನೀವು ನಡುಗುತ್ತೀರಿ. ಆದರೂ ಧೈರ್ಯದಿಂದ ಮುನ್ನುಗ್ಗಿ ಬೀಗ ಒಡೆಯುತ್ತೀರಿ. ರಾಣಿಯ ಕಣ್ಣೀರು ನೆನಪಾಗಿ ನಿಮ್ಮ ಎದೆ ಉರಿಯುತ್ತದೆ.” ನಡುಗಿಸಿದ್ದೂ ನೀವೇ, ಬೀಗ ಒಡೆಸಿದ್ದೂ ನೀವೇ, ಎದೆ ಉರಿಸಿದ್ದೂ ನೀವೇ. ಆಟಗಾರರಿಗೆ ಮಾಡಲು ಏನು ಉಳಿಯಿತು?

ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ, ಕೇಳಿ ಬೆಳೆದವನು ಅಂತ ಪತ್ರದಲ್ಲಿ ಹೇಳಿದ್ದೀರಿ. ಹಾಗಾದರೆ ಇದು ನಿಮಗೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ. ಭಾಗವತರು ಅದನ್ನು ಹಾಡುತ್ತಾರೆ, ಮಾತು ಅರ್ಥಧಾರಿಯದ್ದು. ಕೃಷ್ಣನಿಗೆ ಕರ್ಣ ಕೊಡುವ ಉತ್ತರವನ್ನೆಲ್ಲ ಕವಿಯೇ ಬರೆದಿಟ್ಟಿದ್ದರೆ ಜನ ಬೆಳಗಿನವರೆಗೆ ಕೂರುತ್ತಿದ್ದರಾ? ನೀವು ಪದ್ಯ ಬರೆಯಿರಿ, ಅರ್ಥ ಅವರು ಹೇಳಲಿ. ಇಲ್ಲಂತೂ ನೀವು ಇನ್ನೂ ಜಾಸ್ತಿ ಬಿಟ್ಟುಕೊಡಬೇಕು. ಪ್ರಸಂಗದಲ್ಲಿ ಕರ್ಣ ಕೊನೆಗೆ ಸಾಯಲೇಬೇಕು. ನಿಮ್ಮ ಆಟದಲ್ಲಿ ಕೊನೆಯೂ ಆಟಗಾರರ ಕೈಯಲ್ಲಿರಬೇಕು. ರಾಣಿಯನ್ನು ಬಿಡಿಸುವುದೇ ಬೇಡ ಅಂತ ಅವರು ತೀರ್ಮಾನಿಸಿದರೆ ಮುಂದೇನು? ಅದಕ್ಕೆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ.

ಇನ್ನು ಚಳಿ. ನನಗೆ ಜಾಸ್ತಿ ಬೇಸರವಾದದ್ದು ಇಲ್ಲಿ. ‘ಮೈ ಕೊರೆಯುವ ಚಳಿ’ ಪುಟಪುಟದಲ್ಲೂ ಉಂಟು, ಆದರೆ ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಚಳಿ ತೆಗೆದು ಅಲ್ಲಿ ಏಪ್ರಿಲ್ ತಿಂಗಳ ಸೆಖೆ ಇಟ್ಟರೂ ಕಥೆ ಹಾಗೇ ನಡೆಯುತ್ತದೆ.

ಅದೇ ಮೂರನೇ ಬಾಗಿಲನ್ನು ತಗೊಳ್ಳಿ. ಬೀಗದ ಮೇಲೆ ಮಂಜುಗಡ್ಡೆ ಕಟ್ಟಿದೆ. ದಪ್ಪ ಗ್ಲೌಸ್ ಹಾಕಿದ ಕೈಯಲ್ಲಿ ಬೀಗದೊಳಗೆ ತಂತಿ ಆಡಿಸಲು ಬರುವುದಿಲ್ಲ. ಗ್ಲೌಸ್ ತೆಗೆದರೆ ಬೆರಳಿಗೆ ಅಪಾಯ. ಒದ್ದೆ ಬೆರಳು ಅಷ್ಟು ತಣ್ಣಗಿನ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ, ಎಳೆದರೆ ಚರ್ಮ ಕಿತ್ತು ಬರುತ್ತದೆ. ಇಲ್ಲಿದೆ ನಿಮ್ಮ ಆಟ. ಗ್ಲೌಸ್ ಇದ್ದರೆ 20 ಮುಖದ ದಾಳದಲ್ಲಿ 18 ಅಥವಾ ಮೇಲೆ ಬೀಳಬೇಕು ಅಂತಿಡಿ. ತೆಗೆದರೆ 10 ಸಾಕು. ಆದರೆ ಬರಿಗೈಯಲ್ಲಿ ದಾಳ ಹಾಕಿದ ಪ್ರತಿ ಸಲವೂ ಒಂದು ಬೆರಳು ಮರಗಟ್ಟುತ್ತದೆ. ಮೂರು ಬೆರಳು ಹೋದರೆ ಆ ಕೈ ಕತ್ತಿ ಹಿಡಿಯುವುದಿಲ್ಲ. ಹಿಂದಿನಿಂದ ತೋಳಗಳ ಸದ್ದು ಹತ್ತಿರವಾಗುತ್ತಿದೆ. ಈಗ ಮೇಜಿನ ಸುತ್ತ ಜಗಳ ಶುರುವಾಗುತ್ತದೆ ನೋಡಿ. ಗ್ಲೌಸ್ ತೆಗೆಯುವವರು ಯಾರು? ವೈದ್ಯೆಯ ಬೆರಳು ಮರಗಟ್ಟಿದರೆ ನಾಳೆ ಗಾಯ ಹೊಲಿಯುವವರು ಯಾರು? ಇಷ್ಟಾದರೆ ‘ಮೈ ಕೊರೆಯುವ’ ಅಂತ ಒಮ್ಮೆಯೂ ಬರೆಯಬೇಕಿಲ್ಲ. ಹಾಂ, ದಾಳ ಬೀಳದೇ ಹೋದರೆ ಆಟವೇ ನಿಂತುಬಿಡಬಾರದು. ಸುತ್ತು ಹಾಕಿ ಒಳಗೆ ಹೋಗುವ ಇನ್ನೊಂದು ದಾರಿ ಇಡಿ, ಅದಕ್ಕೂ ಏನಾದರೂ ಬೆಲೆ ಇರಲಿ.

ಕರಾವಳಿಯಲ್ಲಿ ಹುಟ್ಟಿದವನಿಗೆ ಹಿಮ ಎಲ್ಲಿ ಸಿಗಬೇಕು ಅಂತ ಕೇಳಿದ್ದೀರಿ. ಮಲ್ಪೆ ಬಂದರಿಗೆ ಹೋಗಿ ಮಾರಾಯ್ರೇ. ಬೋಟಿಗೆ ಐಸ್ ತುಂಬುವವರ ಹತ್ತಿರ ನಿಂತು ಅವರ ಕೈ ನೋಡಿ. ಒಂದು ಐಸ್ ತುಂಡನ್ನು ತಡೆಯಲಾಗದಷ್ಟು ಹೊತ್ತು ಹಿಡಿದು, ಆಮೇಲೆ ಶರ್ಟಿನ ಗುಂಡಿ ಹಾಕಲು ನೋಡಿ. ಮೊದಲು ಉರಿ, ಆಮೇಲೆ ನೋವು. ಇನ್ನೂ ಹಿಡಿದರೆ ಏನೂ ಗೊತ್ತಾಗುವುದಿಲ್ಲ, ಅಪಾಯ ಇರುವುದು ಅಲ್ಲೇ. ಮೈ ಪೂರ್ತಿ ತಣ್ಣಗಾದಾಗಲೂ ಹೀಗೇ. ದೇಹದೊಳಗಿನ ಬಿಸಿ ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ನಡುಕ ನಿಲ್ಲುತ್ತಾ ಬರುತ್ತದೆ, ಬುದ್ಧಿ ಮಂಕಾಗುತ್ತದೆ. ಸೆಖೆಯಾಗುತ್ತಿದೆ ಅಂತ ಬಟ್ಟೆ ಬಿಚ್ಚಿ ಎಸೆಯುವವರೂ ಉಂಟು. ನಾಲ್ವರಲ್ಲಿ ಒಬ್ಬ ಈಗ ನಡುಗುತ್ತಿಲ್ಲ ಅಂತ ಮಾಸ್ಟರ್ ಸುಮ್ನೆ ಹೇಳಲಿ. ಗೊತ್ತಿದ್ದವರು ಹೆದರಿ ಎದ್ದು ಕೂರುತ್ತಾರೆ.

ಗ್ರಹದ ಲೆಕ್ಕವನ್ನೂ ಸ್ವಲ್ಪ ಸರಿ ಮಾಡಬೇಕು. ಮೈನಸ್ 180 ಡಿಗ್ರಿ ಅಂದಿದ್ದೀರಿ, ಅದೇ ಪುಟದಲ್ಲಿ ನದಿ ಹರಿಯುತ್ತದೆ, ಸೌದೆ ಉರಿಯುತ್ತದೆ. ಶನಿಯ ಚಂದ್ರ ಟೈಟನ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಚಳಿ. ಅಲ್ಲಿ ನೀರು ಬಂಡೆಯಷ್ಟು ಗಟ್ಟಿ, ಮಳೆಯಾಗಿ ಬೀಳುವುದು ಮೀಥೇನ್. ಉರಿಯಲು ಬೇಕಾದ ಆಮ್ಲಜನಕ ಆ ಗಾಳಿಯಲ್ಲಿ ಇಲ್ಲ. ನಿಮಗೆ ಜನರಿರುವ ಹಳ್ಳಿ ಬೇಕು ಅಂದರೆ ಮೈನಸ್ 40, 50 ಧಾರಾಳ ಸಾಕು. ನಮ್ಮ ಭೂಮಿಯಲ್ಲೇ, ಅಂಟಾರ್ಕ್ಟಿಕಾದ ವೋಸ್ಟೋಕ್ ಕೇಂದ್ರದಲ್ಲಿ 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ದಾಖಲಾಗಿದೆ. ಮಂತ್ರದ ಬೆಂಕಿ ಬೇಕಿದ್ದರೆ ಇಡಿ, ತಪ್ಪಿಲ್ಲ. ಅದಕ್ಕೆ ಏನು ಖರ್ಚಾಗುತ್ತದೆ ಅಂತ ಮಾತ್ರ ಹೇಳಿ.

ನಲವತ್ತು ವರ್ಷದ ಚಳಿಗಾಲವನ್ನು ಮಾತ್ರ ದಯವಿಟ್ಟು ಬಿಡಬೇಡಿ. ಅದು ಸುಳ್ಳಲ್ಲ. ಯುರೇನಸ್ ಪೂರ್ತಿ ಪಕ್ಕಕ್ಕೆ ವಾಲಿಕೊಂಡು 84 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ, ಅದರ ಒಂದೊಂದು ಧ್ರುವದಲ್ಲಿ ಸುಮಾರು 42 ವರ್ಷ ಒಂದೇ ಸಮನೆ ಕತ್ತಲೆ. ಅಂದರೆ ನಿಮ್ಮ ಹಳ್ಳಿಯಲ್ಲಿ ಮೂವತ್ತು ದಾಟಿದವರೂ ಬಿಸಿಲು ಕಂಡಿಲ್ಲ. ರಾಣಿ ಹೊರಗೆ ಬಂದರೆ ಬಿಸಿಲು ಬರುತ್ತದೆ ಅನ್ನುತ್ತೀರಿ. ಕಾಣದ ಬಿಸಿಲು ಅವರಿಗೆಲ್ಲ ಬೇಕಾ? ಹಿಮ ಕರಗಿ ಮನೆ ಕುಸಿದರೆ ಅಂತ ಹೆದರುವವರು ಯಾರೂ ಇಲ್ವಾ?

ಅಷ್ಟು ವರ್ಷ ಅವರು ಏನು ತಿಂದರು? ಗಂಜಿ ಉಣ್ಣುತ್ತಾರೆ ಅಂತ ಬರೆದಿದ್ದೀರಿ, ಅಕ್ಕಿ ಎಲ್ಲಿಂದ ಬಂತು? ನಮ್ಮಲ್ಲಿ ಜೋರು ಮಳೆಯ ಆಟಿ ತಿಂಗಳು ಕಳೆಯಲೇ ಬೇಸಿಗೆಯಿಂದ ತಯಾರಿ ನಡೆಯುತ್ತಿತ್ತು. ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಒಣಮೀನು, ಹಪ್ಪಳ, ಮಾಡಿನಡಿಯಲ್ಲಿ ಪೇರಿಸಿಟ್ಟ ಸೌದೆ. ಭರಣಿಯ ಮುಚ್ಚಳ ತೆಗೆಯುವ ಅಧಿಕಾರ ಯಾರಿಗಿತ್ತು, ಮಳೆ ಬಿಡದಿದ್ದಾಗ ಯಾರ ಪಾಲು ಕಡಿಮೆಯಾಗುತ್ತಿತ್ತು ಅಂತ ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ನೀಹಾರದ ಹಳ್ಳಿಗೆ ಬೇಕಾದದ್ದು ಅಲ್ಲಿ ಸಿಗುತ್ತದೆ.

ಇದನ್ನು ಹೇಳಲು ಕಾರಣ ನಿಮ್ಮ ಎಣ್ಣೆಯ ಅಜ್ಜಿ. ಊರಿನ ದೀಪಕ್ಕೆ ಚಮಚದಲ್ಲಿ ಎಣ್ಣೆ ಅಳೆದು ಕೊಡುವವಳು, ಸ್ವಂತ ಮಗನ ಮನೆಗೂ ಒಂದು ಹನಿ ಜಾಸ್ತಿ ಹಾಕದವಳು. ಅವಳು ಬಂದ ಎರಡು ಪುಟ ನಾನು ಬಹಳ ಖುಷಿಯಿಂದ ಓದಿದೆ. ಆಮೇಲೆ ನೀವು ಅವಳನ್ನು ಮರೆತೇಬಿಟ್ಟಿರಿ! ಕೋಟೆಗೆ ಹೋಗುವ ನಾಲ್ವರಿಗೆ ಎಣ್ಣೆ ಬೇಕೇ ಬೇಕು. ಅವರು ತಗೊಂಡಷ್ಟು ಊರಲ್ಲಿ ಕಡಿಮೆ. ಕೇಳಿ ಪಡೆಯುತ್ತಾರಾ, ಕದಿಯುತ್ತಾರಾ, ಕತ್ತಲಲ್ಲೇ ಹೋಗುತ್ತಾರಾ? ಸಾಹಸ ಶುರುವಾಗಬೇಕಾದ್ದು ಅವಳ ಜಗಲಿಯಲ್ಲಿ. ಮೊದಲ ಒಂಬತ್ತು ಪುಟದ ರಾಜವಂಶದ ಚರಿತ್ರೆ ಪೂರ್ತಿ ತೆಗೆಯಿರಿ.

ಏಳು ಬಾಗಿಲೂ ಈಗ ಬೇಡ. ಅಜ್ಜಿಯ ಜಗಲಿ ಮತ್ತು ಮೂರನೇ ಬಾಗಿಲು, ಇವೆರಡನ್ನೇ ಹೊಸದಾಗಿ ಬರೆಯಿರಿ. “ನೀವು ಹೀಗೆ ಮಾಡುತ್ತೀರಿ” ಅನ್ನುವ ವಾಕ್ಯ ಕಂಡಲ್ಲೆಲ್ಲ ಹೊಡೆದುಹಾಕಿ. ಈ ಆಟ ಗೊತ್ತಿಲ್ಲದ ನಾಲ್ವರನ್ನು ಕೂರಿಸಿ ಆಡಿಸಿ, ನೀವು ನಡುವೆ ವಿವರಿಸಲು ಹೋಗಬೇಡಿ. ಎಲ್ಲಿ ಜಗಳವಾಡಿದರು, ಎಲ್ಲಿ ಮೊಬೈಲ್ ತೆಗೆದರು ಅನ್ನೋದನ್ನು ಪುಟದ ಅಂಚಿನಲ್ಲಿ ಗುರುತು ಮಾಡಿ, ಆ ಪ್ರತಿಯನ್ನೇ ನನಗೆ ಕಳಿಸಿ.