ಎಲೆಕ್ಟ್ರಿಕ್ ಕಾರು: ಡಿಕ್ಕಿ, ಬೆಂಕಿ ಮತ್ತು ಬೇಸ್‌ಮೆಂಟ್ ಕುರಿತ ನಾಲ್ಕು ಪ್ರಶ್ನೆಗಳು

ಪ್ರಶ್ನೆ: ಎಲೆಕ್ಟ್ರಿಕ್ ಕಾರಿಗೆ ಮುಂಗಡ ಕೊಟ್ಟಿದ್ದೇವೆ. ಡಿಕ್ಕಿಯಾದರೆ ಬ್ಯಾಟರಿ ಹೊತ್ತಿಕೊಳ್ಳುತ್ತದೆ, ಬಾಗಿಲೂ ತೆರೆಯುವುದಿಲ್ಲ ಎಂದು ನಮ್ಮ ಮಾವನವರು ಪಟ್ಟು ಹಿಡಿದಿದ್ದಾರೆ. ಮುಂಗಡ ವಾಪಸು ಪಡೆಯುವುದು ಲೇಸೇ? (ಶಿವಮೊಗ್ಗದ ಓದುಗರು)

ಉತ್ತರ: ವಾಪಸು ಪಡೆಯಬೇಕಾಗಿಲ್ಲ. ಆದರೆ ನಿಮ್ಮ ಮಾವನವರ ಎರಡನೆಯ ಆತಂಕವನ್ನು ಮೊದಲನೆಯದಕ್ಕಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಿ.

ಎಲೆಕ್ಟ್ರಿಕ್ ಕಾರುಗಳು ಪೆಟ್ರೋಲ್ ಕಾರುಗಳಿಗಿಂತ ಹೆಚ್ಚು ಹೊತ್ತಿಕೊಳ್ಳುತ್ತವೆ ಎಂಬುದಕ್ಕೆ ಅಂಕಿಅಂಶಗಳ ಬೆಂಬಲವಿಲ್ಲ. ಇಂಥ ವಾಹನಗಳು ಬಹಳವಿರುವ ಸ್ವೀಡನ್ನಿನಲ್ಲಿ ಸರ್ಕಾರದ ತುರ್ತು ನಿರ್ವಹಣಾ ಸಂಸ್ಥೆಯೇ ಲೆಕ್ಕ ಇಟ್ಟಿದ್ದು, ಅದರ ಪ್ರಕಾರ 2022ರಲ್ಲಿ ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಸೇರಿ ಸುಮಾರು 6.1 ಲಕ್ಷ ವಾಹನಗಳಲ್ಲಿ 23ಕ್ಕೆ ಬೆಂಕಿ ಬಿದ್ದಿದ್ದರೆ, ಸುಮಾರು 44 ಲಕ್ಷ ಪೆಟ್ರೋಲ್ ಮತ್ತು ಡೀಸೆಲ್ ವಾಹನಗಳಲ್ಲಿ 3,400ರಷ್ಟಕ್ಕೆ ಬಿದ್ದಿತ್ತು. ಈ ಹೋಲಿಕೆಯನ್ನು ಪೂರ್ತಿ ನೆಚ್ಚಬೇಡಿ. ಪೆಟ್ರೋಲ್ ಕಾರುಗಳ ಸಾಲಿನಲ್ಲಿ ಹತ್ತಿಪ್ಪತ್ತು ವರ್ಷ ಹಳೆಯವು ಬಹಳ ಇರುತ್ತವೆ, ಎಲೆಕ್ಟ್ರಿಕ್ ಕಾರುಗಳು ಬಹುಪಾಲು ಹೊಸವು. ಆ ರಿಯಾಯಿತಿ ಕೊಟ್ಟು ನೋಡಿದರೂ ಅಂತರ ದೊಡ್ಡದೇ. ನಮ್ಮಲ್ಲಿ ಭಯ ಬೇರೂರಿದ್ದು 2022ರ ಬೇಸಿಗೆಯಲ್ಲಿ ಒಂದರ ಮೇಲೊಂದು ಉರಿದ ಎಲೆಕ್ಟ್ರಿಕ್ ಸ್ಕೂಟರ್‌ಗಳಿಂದ. ಆ ವರ್ಷದ ಜೂನ್‌ನಲ್ಲಿ ಮುಂಬೈ ಬಳಿಯ ವಸಾಯಿಯಲ್ಲಿ ನೆಕ್ಸಾನ್ ಇವಿ ಕಾರೊಂದು ಹೊತ್ತಿದಾಗ ಕೇಂದ್ರ ಸರ್ಕಾರ ತನಿಖೆಗೆ ಆದೇಶಿಸಿತು. ಬಳಿಕ ದ್ವಿಚಕ್ರ ವಾಹನಗಳ ಎಐಎಸ್-156 ಮತ್ತು ಕಾರುಗಳ ಎಐಎಸ್-038 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡಗಳೆರಡನ್ನೂ ಬಿಗಿಗೊಳಿಸಿ, 2022ರ ಡಿಸೆಂಬರ್‌ನಿಂದ ಎರಡು ಹಂತಗಳಲ್ಲಿ ಜಾರಿಗೆ ತರಲಾಯಿತು.

ಡಿಕ್ಕಿಯ ವಿಷಯಕ್ಕೆ ಬರೋಣ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವಷ್ಟು ಹೊಡೆತ ಬಿದ್ದೊಡನೆ ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಹೈ ವೋಲ್ಟೇಜ್ ಸಂಪರ್ಕ ತಾನಾಗಿಯೇ ಕಡಿದುಹೋಗುತ್ತದೆ. ಕೆಲವು ಕಾರುಗಳಲ್ಲಿ ಸಣ್ಣ ಸ್ಫೋಟಕದಿಂದ ತಂತಿಯನ್ನೇ ಕತ್ತರಿಸುವ ಫ್ಯೂಸ್ ಇರುತ್ತದೆ. ಹೀಗಾಗಿ ಗುದ್ದಿದ ಕಾರಿನ ಮೈ ಮುಟ್ಟಿದರೆ ಶಾಕ್ ಹೊಡೆಯುತ್ತದೆಂದು ಹೆದರಿ ಒಳಗಿರುವವರನ್ನು ಹೊರಗೆಳೆಯಲು ಹಿಂಜರಿಯಬಾರದು. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮಾತ್ರ ಮುಟ್ಟಬೇಡಿ. 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಸಿಎಪಿ ಎಂಬ, ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಪರೀಕ್ಷೆಯಲ್ಲಿ ನಮ್ಮಲ್ಲಿ ಮಾರಾಟವಾಗುವ ಹಲವು ಎಲೆಕ್ಟ್ರಿಕ್ ಕಾರುಗಳು ಐದು ಸ್ಟಾರ್ ಪಡೆದಿವೆ.

ಆದರೆ ಸ್ಟಾರ್‌ಗಳು ಹೇಳುವುದು ಡಿಕ್ಕಿಯ ಆ ಕ್ಷಣದಲ್ಲಿ ಒಳಗಿದ್ದವರಿಗೆ ಎಷ್ಟು ರಕ್ಷಣೆ ಸಿಕ್ಕಿತು ಎಂಬುದನ್ನು. ಪೆಟ್ರೋಲ್ ಕಾರಿನ ಅಪಾಯ ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತದೆ. ಎಲೆಕ್ಟ್ರಿಕ್ ಕಾರಿನದು ಹಾಗಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2011ರ ಮೇ ತಿಂಗಳಲ್ಲಿ ವಿಸ್ಕಾನ್ಸಿನ್‌ನಲ್ಲಿ ಷೆವ್ರೊಲೆ ವೋಲ್ಟ್ ಎಂಬ ಪ್ಲಗ್-ಇನ್ ಹೈಬ್ರಿಡ್ (ಚಾರ್ಜ್ ಮಾಡುವ ಬ್ಯಾಟರಿಯ ಜೊತೆಗೆ ಪೆಟ್ರೋಲ್ ಎಂಜಿನ್ನೂ ಇರುವ) ಕಾರನ್ನು ಪಕ್ಕದಿಂದ ಕಂಬಕ್ಕೆ ಗುದ್ದಿಸಿ ಪರೀಕ್ಷೆ ಮಾಡಿತು. ಆ ದಿನ ಬೆಂಕಿಯ ಸುಳಿವೇ ಇರಲಿಲ್ಲ. ಕಾರನ್ನು ಅಂಗಳದಲ್ಲಿ ನಿಲ್ಲಿಸಿದರು. ಸುಮಾರು ಮೂರು ವಾರಗಳ ನಂತರ ಅದು ತಾನಾಗಿ ಹೊತ್ತಿಕೊಂಡು ಅಕ್ಕಪಕ್ಕದ ವಾಹನಗಳನ್ನೂ ಸುಟ್ಟಿತು. ಗುದ್ದಿದ ರಭಸಕ್ಕೆ ಬ್ಯಾಟರಿಗೆ ಪೆಟ್ಟಾಗಿ, ಸೋರಿದ ಕೂಲಂಟ್ ದ್ರವದಿಂದ ಒಳಗೆ ನಿಧಾನವಾಗಿ ಶಾರ್ಟ್ ಆಗಿದ್ದು ಕಾರಣ ಎಂದು ತನಿಖೆಯಲ್ಲಿ ಕಂಡುಬಂತು. ತಯಾರಕರು 2012ರ ಆರಂಭದಲ್ಲಿ ಬ್ಯಾಟರಿಯ ಸುತ್ತಲಿನ ಚೌಕಟ್ಟನ್ನು ಬಲಪಡಿಸಿದರು. ಇಂದಿನ ಕಾರುಗಳು ಅದಕ್ಕಿಂತ ಎಷ್ಟೋ ಗಟ್ಟಿಯಾಗಿದ್ದರೂ, ಜಖಂಗೊಂಡ ಬ್ಯಾಟರಿಯೊಳಗೆ ಶಕ್ತಿ ಉಳಿದೇ ಇರುತ್ತದೆ ಎಂಬ ಸಂಗತಿ ಬದಲಾಗಿಲ್ಲ. ಆದ್ದರಿಂದ ದೊಡ್ಡ ಡಿಕ್ಕಿಯಾದ ಕಾರನ್ನು ಟೋಯಿಂಗ್‌ನವರು ಮನೆಯ ಶೆಡ್ಡಿಗೋ ಗ್ಯಾರೇಜಿನ ಒಳಗೋ ತಳ್ಳಲು ಬಿಡಬೇಡಿ. ಕಟ್ಟಡದಿಂದಲೂ ಬೇರೆ ವಾಹನಗಳಿಂದಲೂ ಕನಿಷ್ಠ 15 ಮೀಟರ್ ದೂರದ ಬಯಲಿನಲ್ಲಿ ನಿಲ್ಲಿಸಿ. ಕಾರಿನಡಿಯಿಂದ ಬುಸುಗುಟ್ಟುವ ಅಥವಾ ಪಟಪಟನೆ ಸಿಡಿಯುವ ಶಬ್ದ, ಬಿಳಿಯ ಹೊಗೆ, ಸಿಹಿಯಾದ ರಾಸಾಯನಿಕ ವಾಸನೆ ಬಂದರೆ ದೂರ ಸರಿದು 112ಕ್ಕೆ ಕರೆ ಮಾಡಿ, ಎಲೆಕ್ಟ್ರಿಕ್ ಕಾರು ಎಂಬುದನ್ನು ಮೊದಲೇ ಹೇಳಿ. ಆ ಬಿಳಿಯ ಹೊಗೆ ಹಬೆಯಂತೆ ಕಂಡರೂ ಹೊತ್ತಿಕೊಳ್ಳುವ ವಿಷಾನಿಲ. ಬೆಂಕಿ ಆರಿದಂತೆ ಕಂಡ ಮೇಲೂ ಬ್ಯಾಟರಿಯನ್ನು ತಂಪಾಗಿಸಲು ಅಗ್ನಿಶಾಮಕ ಸಿಬ್ಬಂದಿ ಬಹಳ ಹೊತ್ತು ನೀರು ಹಾಯಿಸಬೇಕಾಗುತ್ತದೆ. ಕಾರಿನಲ್ಲಿಟ್ಟುಕೊಂಡ ಪುಡಿಯ ನಂದಕ ಸೀಟಿನ ಅಥವಾ ವೈರಿಂಗಿನ ಬೆಂಕಿಗೆ ಸಾಕು, ಬ್ಯಾಟರಿಯ ಬೆಂಕಿಗೆ ಸಾಲದು.

ಇನ್ನು ಬಾಗಿಲು. ಮೈಗೆ ಅಂಟಿದಂತೆ ಒಳಸೇರುವ ಹಿಡಿಕೆಗಳು, ಗುಂಡಿ ಒತ್ತಿದರೆ ತೆರೆಯುವ ಬಾಗಿಲುಗಳು 12 ವೋಲ್ಟ್‌ನ ಸಣ್ಣ ಬ್ಯಾಟರಿಯನ್ನು ನಂಬಿ ಕೆಲಸ ಮಾಡುತ್ತವೆ; ಡಿಕ್ಕಿಯಲ್ಲಿ ಅದೇ ಕೈಕೊಡಬಹುದು. 2025ರ ಮಾರ್ಚ್‌ನಲ್ಲಿ ಚೀನಾದ ಟೊಂಗ್ಲಿಂಗ್ ಬಳಿ ಶವೋಮಿ ಎಸ್‌ಯು7 ಕಾರು ಹೆದ್ದಾರಿಯ ತಡೆಗೋಡೆಗೆ ಗುದ್ದಿ ಹೊತ್ತಿ ಉರಿದು ಮೂವರು ಯುವತಿಯರು ಸತ್ತಾಗ ಬಾಗಿಲುಗಳ ಬಗ್ಗೆಯೇ ದೊಡ್ಡ ಪ್ರಶ್ನೆ ಎದ್ದಿತು. ಈಗ ಚೀನಾ 2027ರ ಜನವರಿಯಿಂದ ಹೊಸ ಮಾದರಿಗಳ ಬಾಗಿಲುಗಳಿಗೆ ಒಳಗೂ ಹೊರಗೂ ವಿದ್ಯುತ್ತಿನ ಹಂಗಿಲ್ಲದೆ ತೆರೆಯುವ ವ್ಯವಸ್ಥೆಯನ್ನು ಕಡ್ಡಾಯ ಮಾಡುತ್ತಿದೆ. ಅಂದಕ್ಕಾಗಿ ಹಿಡಿಕೆಯನ್ನು ಬಚ್ಚಿಡುವ ಈ ಚಾಳಿ ನನಗೆ ಎಂದೂ ಹಿಡಿಸಿಲ್ಲ. ಕಾರು ಕೈಗೆ ಬರುವ ದಿನ, ಕರೆಂಟ್ ಹೋದರೆ ನಾಲ್ಕೂ ಬಾಗಿಲನ್ನು ಒಳಗಿನಿಂದ ತೆಗೆಯುವುದು ಹೇಗೆಂದು ಶೋರೂಮಿನವರಿಂದ ಮಾಡಿ ತೋರಿಸಿಕೊಳ್ಳಿ. ಹಿಂದಿನ ಸೀಟಿನಲ್ಲಿ ಕೂರುವ ಮಾವನವರ ಕೈಯಲ್ಲೂ ಒಮ್ಮೆ ತೆಗೆಸಿ. ಅವರಿಗೆ ಲೀವರ್ ಸಿಗದಿದ್ದರೆ ಬೇರೆ ಮಾದರಿ ನೋಡುವುದೇ ಒಳ್ಳೆಯದು.

ಪ್ರಶ್ನೆ: ಕೊರಿಯಾದಲ್ಲಿ ನಡೆದ ಅನಾಹುತವನ್ನು ಮುಂದಿಟ್ಟು ನಮ್ಮ ಅಪಾರ್ಟ್‌ಮೆಂಟ್ ಸಂಘ ಬೇಸ್‌ಮೆಂಟಿನಲ್ಲಿ ಚಾರ್ಜಿಂಗ್ ನಿಷೇಧಿಸಿದೆ. ಇದು ಸರಿಯೇ? (ಬೆಂಗಳೂರಿನ ಓದುಗರು)

ಉತ್ತರ: ಆ ಘಟನೆ ನಡೆದದ್ದು 2024ರ ಆಗಸ್ಟ್ 1ರಂದು ಇಂಚಿಯಾನ್ ನಗರದ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಯಲ್ಲಿ, ಮರ್ಸಿಡಿಸ್ ಇಕ್ಯೂಇ ಕಾರಿನಲ್ಲಿ ಹುಟ್ಟಿದ ಬೆಂಕಿಯಿಂದ ನೂರಕ್ಕೂ ಹೆಚ್ಚು ವಾಹನಗಳು ಹಾಳಾದವು. ಆದರೆ ಆ ಕಾರು ಚಾರ್ಜ್ ಆಗುತ್ತಿರಲಿಲ್ಲ, ಸುಮ್ಮನೆ ನಿಂತಿತ್ತು. ಬೆಂಕಿ ಹಬ್ಬಲು ದೊಡ್ಡ ಕಾರಣ, ಎಚ್ಚರಿಕೆಯ ಗಂಟೆ ಬಾರಿಸಿದಾಗ ಸ್ಪ್ರಿಂಕ್ಲರ್ ವ್ಯವಸ್ಥೆಯನ್ನು ಸಿಬ್ಬಂದಿಯೇ ನಿಲ್ಲಿಸಿದ್ದು. ನಿಮ್ಮ ಸಂಘದವರು ಈ ಪ್ರಕರಣದಿಂದ ಕಲಿಯಬೇಕೆಂದಿದ್ದರೆ ನಿಷೇಧದ ನೋಟಿಸ್ ಅಂಟಿಸುವುದಕ್ಕೆ ಮೊದಲು ಸ್ಪ್ರಿಂಕ್ಲರ್ ವಾಲ್ವ್ ತೆರೆದಿದೆಯೇ, ಪಂಪ್ ಓಡುತ್ತದೆಯೇ, ಹೊಗೆ ಹೊರಹಾಕುವ ಫ್ಯಾನ್‌ಗಳು ತಿರುಗುತ್ತವೆಯೇ ಎಂದು ನೋಡಲಿ. ಚಾರ್ಜಿಂಗ್ ಜಾಗವನ್ನು ರ‍್ಯಾಂಪಿನ ಹತ್ತಿರ, ಟ್ರಾನ್ಸ್‌ಫಾರ್ಮರ್, ಜನರೇಟರ್ ಮತ್ತು ಮೆಟ್ಟಿಲಿನಿಂದ ದೂರ ಇಡಬೇಕೆಂದು ಅವರು ಹೇಳಿದರೆ ಅದು ಒಪ್ಪತಕ್ಕ ಮಾತು.

ನಿಷೇಧ ಹೇರಿದರೆ ಆಗುವುದೇನೆಂದರೆ ಜನ ಕದ್ದು ಚಾರ್ಜ್ ಮಾಡುತ್ತಾರೆ: ಕಾಮನ್ ಏರಿಯಾದ ಪ್ಲಗ್ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು, ರಾತ್ರಿಯಿಡೀ. ಕಾರಿನ ಜೊತೆ ಬರುವ 3.3 ಕಿಲೋವಾಟ್ ಚಾರ್ಜರ್ 14-15 ಆಂಪಿಯರ್ ಎಳೆಯುತ್ತದೆ. ಬಚ್ಚಲುಮನೆಯ ಗೀಸರ್ ಕೂಡ ಅಷ್ಟೇ ಎಳೆದರೂ ಸ್ವಲ್ಪ ಹೊತ್ತಿಗೆ ಆರುತ್ತದೆ, ಇದು ಎಂಟು ಹತ್ತು ಗಂಟೆ ಬಿಡುವಿಲ್ಲದೆ ಎಳೆಯುತ್ತಲೇ ಇರುತ್ತದೆ. ಸಡಿಲವಾದ ಸಾಕೆಟ್ಟು ಅಷ್ಟರಲ್ಲಿ ಕಾದು, ಪ್ಲಗ್ಗಿನ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದುಗಟ್ಟಿ, ಒಂದು ದಿನ ಕರಗುತ್ತದೆ. ಇದಕ್ಕಿಂತಲೂ ಕೆಟ್ಟ ಚಾಳಿ ಇನ್ನೊಂದಿದೆ. ಅರ್ತಿಂಗ್ ಸರಿಯಿಲ್ಲದ ಕಡೆ ಚಾರ್ಜರ್ ಕೆಂಪು ದೀಪ ತೋರಿಸಿ ಚಾರ್ಜ್ ಮಾಡಲು ನಿರಾಕರಿಸುತ್ತದೆ. ಆಗ ಕೆಲವು ಎಲೆಕ್ಟ್ರಿಷಿಯನ್‌ಗಳು ಸಾಕೆಟ್ಟಿನೊಳಗೆ ನ್ಯೂಟ್ರಲ್ ಮತ್ತು ಅರ್ತ್ ಪಿನ್ನುಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿ ಚಾರ್ಜರನ್ನು ಮೋಸಗೊಳಿಸುತ್ತಾರೆ. ಹಸಿರು ದೀಪವೇನೋ ಹತ್ತುತ್ತದೆ, ಆದರೆ ಯಾವತ್ತಾದರೂ ನ್ಯೂಟ್ರಲ್ ತಂತಿ ಕಡಿದರೆ ಕಾರಿನ ಮೈಗೇ ಕರೆಂಟ್ ಬರುತ್ತದೆ. ಮೀಟರಿನಿಂದ ನೇರವಾಗಿ ಬರುವ ಪ್ರತ್ಯೇಕ ಲೈನು, ಅದಕ್ಕೊಂದು ಎಂಸಿಬಿ (ಲೋಡ್ ಹೆಚ್ಚಾದರೆ ಕರೆಂಟ್ ಕಡಿಯುವ ಸ್ವಿಚ್ಚು), 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್ಚು) ಮತ್ತು ನಿಜವಾದ ಅರ್ತಿಂಗ್ ಇವುಗಳನ್ನು ಷರತ್ತಾಗಿ ಹಾಕಿ ಅನುಮತಿ ಕೊಡುವಂತೆ ಸಂಘಕ್ಕೆ ಲಿಖಿತವಾಗಿ ಕೇಳಿ.

ಪ್ರಶ್ನೆ: ಮಳೆಗಾಲದಲ್ಲಿ ಕಾರು ಅರ್ಧ ಮುಳುಗಿದರೆ? (ಉಡುಪಿಯ ಓದುಗರು)

ಉತ್ತರ: ಹೆಚ್ಚಿನ ಬ್ಯಾಟರಿಗಳಿಗಿರುವ ಐಪಿ67 ದರ್ಜೆ ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬಲ್ಲುದು ಎಂದರ್ಥ, ಅದೂ ಪೆಟ್ಟಾಗದ ಬ್ಯಾಟರಿ. ಮಳೆಯ ನೀರಿಗಿಂತ ಉಪ್ಪುನೀರು ಅಪಾಯಕಾರಿ. 2022ರ ಇಯಾನ್ ಚಂಡಮಾರುತದಲ್ಲಿ ಫ್ಲಾರಿಡಾದಲ್ಲಿ ಸಮುದ್ರದ ನೀರು ನುಗ್ಗಿದ ಎಲೆಕ್ಟ್ರಿಕ್ ಕಾರುಗಳು ನೀರಿಳಿದ ಎಷ್ಟೋ ದಿನಗಳ ಮೇಲೆ ಹೊತ್ತಿಕೊಂಡವು. ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಬೇಡಿ, ಚಾರ್ಜಿಗೂ ಹಾಕಬೇಡಿ. ಬಯಲಿಗೆ ಎಳೆಸಿ ಸರ್ವಿಸ್ ಸೆಂಟರಿಗೆ ತಿಳಿಸಿ.

ಪ್ರಶ್ನೆ: ಊರಿನ ರಸ್ತೆಯ ಎತ್ತರದ ಹಂಪಿಗೆ ಕಾರಿನ ತಳ ಜೋರಾಗಿ ತಾಗಿತು. ಓಡುವುದರಲ್ಲಿ ವ್ಯತ್ಯಾಸವಿಲ್ಲ. ಚಿಂತಿಸಬೇಕೇ? (ಸಕಲೇಶಪುರದ ಓದುಗರು)

ಉತ್ತರ: ಓಡುತ್ತಿದೆ ಎಂದ ಮಾತ್ರಕ್ಕೆ ಬಿಡಬೇಡಿ, ಬ್ಯಾಟರಿ ಇರುವುದೇ ತಳದಲ್ಲಿ. 2013ರಲ್ಲಿ ರಸ್ತೆಯಲ್ಲಿದ್ದ ಲೋಹದ ವಸ್ತುಗಳು ತಳಕ್ಕೆ ಬಡಿದು ಟೆಸ್ಲಾ ಮಾಡೆಲ್ ಎಸ್ ಕಾರುಗಳಿಗೆ ಬೆಂಕಿ ಬಿದ್ದದ್ದರಿಂದಲೇ ಆ ಕಂಪನಿ ಮರುವರ್ಷ ಟೈಟಾನಿಯಂ ತಟ್ಟೆ ಅಳವಡಿಸಿತು. ಲಿಫ್ಟ್ ಮೇಲೆ ಹತ್ತಿಸಿ ತಳವನ್ನು ನೋಡಿಸಿ. ಬಣ್ಣ ಕೆರೆದಿದ್ದರೆ ಚಿಂತೆಯಿಲ್ಲ. ಬ್ಯಾಟರಿಯ ಹೊದಿಕೆ ಒಳಕ್ಕೆ ತಗ್ಗಿದ್ದರೆ, ಕೂಲಂಟ್ ಮಟ್ಟ ಇಳಿದಿದ್ದರೆ ಅಥವಾ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಎಚ್ಚರಿಕೆ ಬಂದಿದ್ದರೆ ಬ್ಯಾಟರಿ ಪರೀಕ್ಷಿಸದೆ ಚಾರ್ಜ್ ಮಾಡಬೇಡಿ. ಅಲ್ಲಿಯವರೆಗೆ ಮನೆಯ ಪೋರ್ಟಿಕೋದಲ್ಲಿ ಬೇಡ, ಅಂಗಳದಲ್ಲಿ ನಿಲ್ಲಿಸಿ. ರಿಪೇರಿಗೆ ಕೈಹಾಕುವ ಮುನ್ನ ತಳದ ಫೋಟೋ ತೆಗೆದಿಟ್ಟುಕೊಂಡರೆ ವಿಮೆ ಕಂಪನಿಯ ಮುಂದೆ ಸಾಬೀತುಪಡಿಸಲು ಅನುಕೂಲ.