ಎಐ ಸಂಶೋಧನೆಗೆ ವರ್ಷಕ್ಕೆ 30 ಸಾವಿರ ಕೊಡೋದಾದರೆ ಎಲ್ಲಿಗೆ ಕೊಡಬೇಕು?

ನೀವು ಕೇಳಿದ್ದು ಇಷ್ಟು: ಬಾಗಲಕೋಟೆಯಲ್ಲಿ ಶಿಕ್ಷಕರಾಗಿದ್ದೀರಿ, ಎಐ ಜನರಿಗೆ ಒಳ್ಳೇದು ಮಾಡುವಂಥ ಸಂಶೋಧನೆಗೆ ವರ್ಷಕ್ಕೆ 30 ಸಾವಿರ ಕೊಡಬೇಕು ಅಂತಿದ್ದೀರಿ, ಯಾರಿಗೆ ಕೊಡೋದು?

ಹೀಗೊಂದು ಯೋಚನೆ ಬಂದಿದ್ದೇ ನನಗೆ ಖುಷಿ. ನಾನು ವಿಜಯಪುರದಲ್ಲಿ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ದೇಣಿಗೆ ರಸೀದಿಗಳು ಕೈಗೆ ಬರುತ್ತಲೇ ಇರುತ್ತವೆ. ಜಾಸ್ತಿ ಜನ ಹೆಸರು ನೋಡಿ ಕೊಡುತ್ತಾರೆ. ನೀವು ಹಾಗೆ ಮಾಡಬೇಡಿ. ನಿಮ್ಮ ದುಡ್ಡು ಬರದಿದ್ದರೆ ಯಾವ ಕೆಲಸ ನಿಲ್ಲುತ್ತೆ ಅಂತ ಹುಡುಕಿ, ಅಲ್ಲಿಗೆ ಕೊಡಿ.

ಐಐಟಿ ಮದ್ರಾಸ್‌ನ ಎಐ4ಭಾರತ್ ನೋಡಿ. ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಿಗೆ ಅನುವಾದದ, ಮಾತು ಗುರುತಿಸುವ ಮಾಡೆಲ್‌ಗಳನ್ನು ಮಾಡಿ ಎಲ್ಲರಿಗೂ ಬಿಟ್ಟುಕೊಡುತ್ತಾರೆ. ತುಂಬಾ ಒಳ್ಳೆ ಕೆಲಸ. ಆದರೆ 2022ರಲ್ಲಿ ನಿಲೇಕಣಿ ದಂಪತಿ ಅಲ್ಲಿಗೆ 36 ಕೋಟಿ ಕೊಟ್ಟಿದ್ದಾರೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಉಪಭಾಷೆಗಳ ಮಾತು ಸಂಗ್ರಹಿಸಿದ ರೆಸ್ಪಿನ್ ಯೋಜನೆಗೆ ಗೇಟ್ಸ್ ಫೌಂಡೇಶನ್ ಹಣ ಸಿಕ್ಕಿದೆ. ಅಲ್ಲೆಲ್ಲ ನಿಮ್ಮ 30 ಸಾವಿರದಿಂದ ಏನೂ ಬದಲಾಗಲ್ಲ, ಅಲ್ವಾ?

ಹಣ ಕಡಿಮೆ ಇರೋದು ಎಐ ಸುರಕ್ಷತೆಯ ಕಡೆ, ಅಂದ್ರೆ ಎಐನಿಂದ ಹಾನಿಯಾಗದಂತೆ ನೋಡಿಕೊಳ್ಳುವ ಸಂಶೋಧನೆಯ ಕಡೆ. ಈಚೆಗೆ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ನನ್ನೆದುರಿಗೇ ಕೂತು ಫೋನಿಗೆ ಕೇಳಿದರು: "ಎಲಿ ಮ್ಯಾಲ ಬೂದಿ ಬಂದೈತಿ, ಏನ್ ಹೊಡೀಬೇಕು?" ಅದು "ಎಲ್ಲಿ ಮೇಲೆ ಬುದ್ಧಿ" ಅಂತ ಬರೆದುಕೊಂಡಿತು. ಅದಾದರೂ ಪರವಾಗಿಲ್ಲ, ಇವತ್ತಲ್ಲ ನಾಳೆ ಯಾವುದಾದರೂ ಕಂಪನಿ ಸರಿಮಾಡುತ್ತೆ. ನನಗೆ ಹೆದರಿಕೆಯಾಗಿದ್ದು ಆಮೇಲೆ. ಪ್ರಶ್ನೆಯೇ ಅರ್ಥವಾಗದ ಯಂತ್ರ, ಗೊತ್ತಾಗಲಿಲ್ಲ ಅನ್ನದೆ ಪೂರ್ತಿ ಭರವಸೆಯಿಂದ ಉತ್ತರ ಕೊಟ್ಟಿತು. ನಾಳೆ ಇದಕ್ಕಿಂತ ಎಷ್ಟೋ ಶಕ್ತಿ ಇರುವ ಯಂತ್ರಗಳ ಕೈಗೆ ದೊಡ್ಡ ದೊಡ್ಡ ನಿರ್ಧಾರ ಕೊಡುತ್ತೇವೆ. ಅವು ನಾವು ನಿಜವಾಗಿ ಬಯಸಿದ್ದನ್ನೇ ಮಾಡುವಂತೆ ನೋಡಿಕೊಳ್ಳೋದು ಹೇಗೆ? ಇದರಲ್ಲಿ ಬೇಗ ಲಾಭ ಕಾಣಲ್ಲ. ಅದಕ್ಕೇ ದಾನದ ದುಡ್ಡಿಗೆ ಇಲ್ಲಿ ಬೆಲೆ ಇದೆ.

ಎಐ ವಿಜ್ಞಾನಿ ಸ್ಟುವರ್ಟ್ ರಸೆಲ್ 2016ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಕೇಂದ್ರ ಇದನ್ನೇ ಅಭ್ಯಾಸ ಮಾಡುತ್ತೆ. ಇಂಥ ಕೆಲಸಕ್ಕೆ ದಾನದ ದುಡ್ಡು ಹಂಚುವ ಲಾಂಗ್-ಟರ್ಮ್ ಫ್ಯೂಚರ್ ಫಂಡ್ ಅಂತ ವಿದೇಶದಲ್ಲಿ ಒಂದಿದೆ. ವಿಷಯ ಬಲ್ಲವರೇ ಅರ್ಜಿ ಓದಿ, ಒಂಟಿ ಸಂಶೋಧಕರಿಗೂ ಚಿಕ್ಕ ತಂಡಗಳಿಗೂ ಹಂಚುತ್ತಾರೆ. ಯಾವುದಕ್ಕೆ ಕೊಟ್ಟೆವು ಅಂತ ಪ್ರಕಟಿಸುತ್ತಾರೆ ಕೂಡ. ನೀವೇ ಕೂತು ಪೇಪರ್ ಓದೋಕೆ ಪುರುಸೊತ್ತಿಲ್ಲ ಅಂದ್ರೆ ಇದು ಸರಿಯಾದ ದಾರಿ. ದೇಶದೊಳಗೇ ಕೊಡಬೇಕು ಅಂತಿದ್ದರೆ ಐಐಟಿ ಮದ್ರಾಸ್‌ನಲ್ಲಿ 2023ರಲ್ಲಿ ಆರಂಭವಾದ ಜವಾಬ್ದಾರಿಯುತ ಎಐ ಕೇಂದ್ರ ಇದೆ.

ದೊಡ್ಡ ಹೆಸರು ಅಂತ ಸುಮ್ನೆ ನಂಬಬೇಡಿ. ಆಕ್ಸ್‌ಫರ್ಡ್‌ನಲ್ಲಿ 2005ರಲ್ಲಿ ಶುರುವಾಗಿ, ಎಐ ಅಪಾಯಗಳನ್ನೂ ಅಭ್ಯಾಸ ಮಾಡುತ್ತಿದ್ದ ಫ್ಯೂಚರ್ ಆಫ್ ಹ್ಯುಮಾನಿಟಿ ಇನ್‌ಸ್ಟಿಟ್ಯೂಟ್ ಅನ್ನುವ ಪ್ರಸಿದ್ಧ ಸಂಸ್ಥೆಯೇ 2024ರಲ್ಲಿ ಮುಚ್ಚಿಹೋಯ್ತು. ಕೊಡುವ ಮುಂಚೆ ಒಂದು ಮೇಲ್ ಬರೆದು ಕೇಳಿ: ಹೋದ ವರ್ಷದ ಹಣ ಎಲ್ಲಿಗೆ ಹೋಯ್ತು, ಇನ್ನೊಂದು ಲಕ್ಷ ಬಂದರೆ ಏನು ಮಾಡ್ತೀರಿ? ಎರಡನೇ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ.

ತೆರಿಗೆಯ ವಿಷಯ. ವಿದೇಶಿ ಸಂಸ್ಥೆಗೆ ಕೊಟ್ಟರೆ ದೇಣಿಗೆಗೆ ಸಿಗುವ ತೆರಿಗೆ ಕಡಿತ (80ಜಿ ಅಂತ ಕರೆಯೋದು) ಸಿಗಲ್ಲ. ಬ್ಯಾಂಕ್ ಮೂಲಕ ಕಳಿಸೋಕೆ ಅಡ್ಡಿಯಿಲ್ಲ. ನಮ್ಮ ದೇಶದ ನೋಂದಾಯಿತ ಸಂಸ್ಥೆಗೆ ಕೊಟ್ಟರೂ ಈ ಕಡಿತ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದೂ 2,000 ರೂಪಾಯಿ ಮೀರಿದ ನಗದಿಗೆ ಇಲ್ಲ. ಹೆಚ್ಚಿನ ಟ್ರಸ್ಟ್‌ಗಳಲ್ಲಿ ಕೊಟ್ಟಿದ್ದರಲ್ಲಿ ಅರ್ಧ ನಿಮ್ಮ ಆದಾಯದಿಂದ ಕಳೆಯುತ್ತೆ, ತೆರಿಗೆಯಿಂದ ಅಲ್ಲ. ಅಂದ್ರೆ 30 ಸಾವಿರ ಕೊಟ್ಟರೆ, 20 ಪರ್ಸೆಂಟ್ ತೆರಿಗೆ ಕಟ್ಟುವವರಿಗೆ ಉಳಿಯೋದು ಸುಮಾರು 3 ಸಾವಿರ. ಅಷ್ಟಕ್ಕಾಗಿ ಸಂಸ್ಥೆ ಬದಲಾಯಿಸಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವರ್ಷ ಪೂರ್ತಿ 30 ಸಾವಿರವನ್ನೂ ಆ ಲಾಂಗ್-ಟರ್ಮ್ ಫ್ಯೂಚರ್ ಫಂಡಿಗೇ ಹಾಕುತ್ತಿದ್ದೆ. ಮುಂದಿನ ವರ್ಷ ಅವರು ಪ್ರಕಟಿಸಿದ ಪಟ್ಟಿ ಓದಿ, ಮತ್ತೆ ಕೊಡೋದಾ ಬೇಡ್ವಾ ಅಂತ ತೀರ್ಮಾನಿಸುತ್ತಿದ್ದೆ.