ಲಿನಕ್ಸ್ ಬೂಟ್ ಆಗುವಾಗ ‘ಮೈನಸ್ 517’ ಅಂತ ಬಂದು ನಿಂತುಬಿಡುತ್ತದೆ. ಯಾವ ಡ್ರೈವರ್ ಇಲ್ಲ ಅಂತ ಹುಡುಕುವುದು ಹೇಗೆ?

ಮೊದಲು ಒಂದು ಮಾತು: 517 ಅಂದರೆ ಕೆಟ್ಟುಹೋಗಿದೆ ಅಂತಲ್ಲ. ಹಿಂದೆ ನಮ್ಮ ಕಡೆ ಮನೆ ಬಾಗಿಲ ಮೇಲೆ ದೆವ್ವಕ್ಕೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ಇದೂ ಅಂಥದ್ದೇ. ಒಂದು ಡ್ರೈವರ್ (ಒಂದು ಸಾಧನವನ್ನು ನಡೆಸುವ ಪ್ರೋಗ್ರಾಂ) ಕೆಲಸ ಶುರು ಮಾಡಲು ರೆಗ್ಯುಲೇಟರೋ (ಸರಿಯಾದ ವೋಲ್ಟೇಜ್ ಕೊಡುವುದು) ಕ್ಲಾಕೋ (ತಾಳ ಕೊಡುವ ಸಿಗ್ನಲ್) ಬೇಕು. ಅದನ್ನು ಕೊಡಬೇಕಾದ ಡ್ರೈವರ್ ಇನ್ನೂ ಎದ್ದಿಲ್ಲ. ಆಗ ಇದು 517 ಅಂತ ವಾಪಸ್ ಹೇಳುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಆ ಸಾಧನವನ್ನು ಕಾಯುವವರ ಪಟ್ಟಿಗೆ ಹಾಕುತ್ತದೆ. ಮುಂದೆ ಬೇರೆ ಯಾವುದೇ ಸಾಧನಕ್ಕೆ ಡ್ರೈವರ್ ಸರಿಯಾಗಿ ಕೂತಾಗಲೆಲ್ಲ ಆ ಪಟ್ಟಿಯನ್ನು ಮತ್ತೆ ಒಮ್ಮೆ ಕರೆದು ನೋಡುತ್ತದೆ.

ಈ ವ್ಯವಸ್ಥೆ 2012ರಲ್ಲಿ, ಕರ್ನಲ್‌ನ 3.4ನೇ ಆವೃತ್ತಿಯಲ್ಲಿ ಬಂತು. ಅದಕ್ಕೂ ಮೊದಲು ಯಾವ ಡ್ರೈವರ್ ಮೊದಲು, ಯಾವುದು ಆಮೇಲೆ ಅಂತ ಕೈಯಾರೆ ಹಿಂದೆ ಮುಂದೆ ಮಾಡುತ್ತಿದ್ದರು. ಒಂದು ಬೋರ್ಡಿಗೆ ಸರಿ ಮಾಡಿದರೆ ಇನ್ನೊಂದು ಬೋರ್ಡ್ ಕೆಡುತ್ತಿತ್ತು.

ತೊಂದರೆ ಇರುವುದು ತಡವಾಗಿ ಬರುವ ಡ್ರೈವರ್‌ನಿಂದಲ್ಲ, ಬರುವುದೇ ಇಲ್ಲದ ಡ್ರೈವರ್‌ನಿಂದ. ಕರ್ನಲ್‌ಗೆ ಇವೆರಡರ ವ್ಯತ್ಯಾಸ ಸುಲಭಕ್ಕೆ ತಿಳಿಯುವುದಿಲ್ಲ. ಸುಮ್ನೆ ಕಾಯುತ್ತಾ ಕೂರುತ್ತದೆ.

ನಾನು ಇದರಲ್ಲಿ ಸರಿಯಾಗಿ ಸಿಕ್ಕಿಬಿದ್ದಿದ್ದೆ. ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಭತ್ತದ ಡ್ರೈಯರ್‌ನ ಬಿಸಿ ಎಷ್ಟಿದೆ ಅಂತ ಬರೆದಿಡಲು ಸಣ್ಣ ಆರ್ಮ್ ಬೋರ್ಡ್ ಕೂರಿಸಿದ್ದೆ. ಕರ್ನಲ್ ಹೊಸದು ಮಾಡುವಾಗ ಸೈಜ್ ಇಳಿಸೋಣ ಅಂತ, ಪವರ್ ಚಿಪ್‌ನ ಡ್ರೈವರನ್ನು ಕರ್ನಲ್ ಒಳಗಿಂದ ತೆಗೆದು ಮಾಡ್ಯೂಲ್ (ಆಮೇಲೆ ಲೋಡ್ ಆಗುವ ಬೇರೆ ಫೈಲ್) ಮಾಡಿದೆ. ಜಾಣತನ ಅಂದುಕೊಂಡಿದ್ದೆ. ಬೂಟ್ ಮಾಡಿದರೆ ‘ವೇಟಿಂಗ್ ಫಾರ್ ರೂಟ್ ಡಿವೈಸ್’ (ಸಿಸ್ಟಂನ ಫೈಲ್‌ಗಳೆಲ್ಲ ಇರುವ ಡಿಸ್ಕಿಗೆ, ಇಲ್ಲಿ ಮೆಮೊರಿ ಕಾರ್ಡಿಗೆ, ಕಾಯುತ್ತಿದ್ದೇನೆ) ಅಂತ ನಿಂತಿತು, ಮುಂದೆ ಒಂದು ಅಕ್ಷರವೂ ಇಲ್ಲ. ಮೆಮೊರಿ ಕಾರ್ಡ್ ಹೋಗಿದೆ ಅಂತ ಮೂರು ಕಾರ್ಡ್ ಬದಲಿಸಿದೆ. ಸಾವ್ಕಾರ್ರು ಬಂದು ಬಂದು ಇಣುಕಿ ಹೋಗುತ್ತಿದ್ದರು.

ಆಗಿದ್ದೇನು ಅಂದರೆ, ಕಾರ್ಡ್ ಕಂಟ್ರೋಲರ್‌ಗೆ ಕರೆಂಟ್ ಕೊಡುವುದು ಆ ಪವರ್ ಚಿಪ್. ಚಿಪ್‌ನ ಡ್ರೈವರ್ ಇರುವುದು ಕಾರ್ಡ್ ಒಳಗೆ. ಬೀರುವಿನ ಕೀ ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದಂತೆ. ರೂಟ್‌ಡಿಲೇ, ಅಂದರೆ ರೂಟ್ ಡಿವೈಸ್‌ಗೆ ಕಾಯುವ ಸಮಯ, ಜಾಸ್ತಿ ಮಾಡಿ ಅಂತ ಒಬ್ಬರು ಹೇಳಿದರು. ಬರದೇ ಇರುವವರಿಗೆ ಎಷ್ಟು ಹೊತ್ತು ಕಾದರೇನು?

ನೀವು ಹೀಗೆ ಮಾಡಿ. ಬೋರ್ಡ್ ಪೂರ್ತಿ ಬೂಟ್ ಆಗಿ, ಟಚ್ ಸ್ಕ್ರೀನ್‌ನಂಥದ್ದು ಒಂದು ಮಾತ್ರ ಬರುತ್ತಿಲ್ಲ ಅಂದರೆ ಕೆಲಸ ಸುಲಭ. ಡೀಬಗ್‌ಎಫ್‌ಎಸ್ (ಕರ್ನಲ್ ತನ್ನ ಒಳಗಿನ ಸ್ಥಿತಿಯನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಮೌಂಟ್ ಮಾಡಿ ‘ಡಿವೈಸಸ್_ಡಿಫರ್ಡ್’ ಅನ್ನುವ ಫೈಲ್ ಓದಿ. ಕಾಯುತ್ತಿರುವವರೆಲ್ಲ ಅದರಲ್ಲಿರುತ್ತಾರೆ. ಹೊಸ ಕರ್ನಲ್ ಆದರೆ ಎಷ್ಟೋ ಸಲ ಕಾರಣವೂ ಪಕ್ಕದಲ್ಲೇ ಇರುತ್ತದೆ. ಪಟ್ಟಿ ಉದ್ದ ಇದ್ದರೆ ಹೆದರಬೇಡಿ, ಸಾಮಾನ್ಯವಾಗಿ ಎಲ್ಲದರ ಬುಡದಲ್ಲಿ ಒಂದೇ ಒಂದು ಇರುತ್ತದೆ.

ಆದರೆ ನಿಮ್ಮದು ನನ್ನ ಹಾಗೆ ರೂಟ್‌ಗೂ ಮೊದಲೇ ನಿಂತಿದೆ. ಶೆಲ್ ಸಿಗುವುದಿಲ್ಲ, ಫೈಲ್ ಓದಲು ಆಗುವುದಿಲ್ಲ. ಬೋರ್ಡಿನ ಲಾಗ್ ಇನ್ನೊಂದು ಕಂಪ್ಯೂಟರಿನಲ್ಲಿ ಕಾಣಲು ಸೀರಿಯಲ್ ವೈರ್ ಹಾಕಿ, ಬೂಟ್ ಸಾಲಿಗೆ (ಕರ್ನಲ್‌ಗೆ ಶುರುವಿನಲ್ಲಿ ಕೊಡುವ ಸೂಚನೆಗಳು) ‘ಡಿಫರ್ಡ್_ಪ್ರೋಬ್_ಟೈಮ್‌ಔಟ್’ ಸೇರಿಸಿ 10 ಸೆಕೆಂಡ್ ಕೊಡಿ. ಅಷ್ಟು ಹೊತ್ತಾದ ಮೇಲೆ ಇನ್ನೂ ಕಾಯುತ್ತಿರುವವರ ಹೆಸರನ್ನು ಕರ್ನಲ್ ತಾನೇ ಲಾಗ್‌ಗೆ ಬರೆಯುತ್ತದೆ. ನನಗೆ ಕಾರ್ಡ್ ಕಂಟ್ರೋಲರ್ ಹೆಸರು ಕಂಡಿದ್ದು ಅಲ್ಲೇ. ಅದರಿಂದ ಡಿವೈಸ್ ಟ್ರೀಗೆ (ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳುವ ಪಟ್ಟಿ) ಹೋಗಿ, ಅದು ಯಾವ ರೆಗ್ಯುಲೇಟರ್ ಕೇಳುತ್ತದೆ, ಆ ರೆಗ್ಯುಲೇಟರ್ ಯಾವ ಚಿಪ್‌ನಲ್ಲಿದೆ ಅಂತ ಹಿಂದಕ್ಕೆ ಹಿಂದಕ್ಕೆ ಹೋದೆ. ಎರಡೇ ಹೆಜ್ಜೆ.

ಸರಿಪಡಿಸಲು ಎರಡು ದಾರಿ. ಆ ಡ್ರೈವರನ್ನು ಕಾನ್ಫಿಗ್‌ನಲ್ಲಿ ‘ಎಂ’ ಬದಲು ‘ವೈ’ ಮಾಡಿ ಕರ್ನಲ್ ಒಳಗೇ ಸೇರಿಸಿ, ಇಲ್ಲವೇ ಇನಿಟ್‌ರಾಮ್‌ಎಫ್‌ಎಸ್‌ಗೆ (ರೂಟ್‌ಗೂ ಮೊದಲೇ ಮೆಮೊರಿಗೆ ಬರುವ ಸಣ್ಣ ಫೈಲ್ ಗಂಟು) ಹಾಕಿ. ಪವರ್ ಚಿಪ್ ಐ2ಸಿ (ಚಿಪ್‌ಗಳು ಮಾತಾಡುವ ಎರಡು ತಂತಿಯ ದಾರಿ) ಮೇಲಿದ್ದರೆ ಆ ಐ2ಸಿ ಕಂಟ್ರೋಲರ್‌ನ ಡ್ರೈವರೂ ಜೊತೆಗಿರಬೇಕು. ಇದನ್ನು ಮರೆತು ನಾನು ಇನ್ನೊಂದು ಗಂಟೆ ಕಳೆದೆ. ಸಣ್ಣ ಬೋರ್ಡಿಗೆ ನನ್ನ ಆಯ್ಕೆ ಯಾವಾಗಲೂ ಮೊದಲನೆಯದೇ.

ಕಾನ್ಫಿಗ್ ಸರಿಯಿದ್ದೂ ಬರದಿದ್ದರೆ ಡಿವೈಸ್ ಟ್ರೀಯಲ್ಲಿ ಆ ಚಿಪ್‌ನ ನೋಡ್ ‘ಡಿಸೇಬಲ್ಡ್’ ಅಂತ ಇದೆಯಾ ನೋಡಿ. ಅದೂ ಇಲ್ಲ ಅಂದರೆ ಟೈಮ್‌ಔಟ್ ಆದ ಮೇಲಿನ ಲಾಗ್ ಸಾಲುಗಳನ್ನು ಇಲ್ಲಿ ಹಾಕಿ, ನೋಡೋಣ.